ಸಿನ್ನಬಾರ್ ದಂಡೆಯ ದೆವ್ವ

ಹಾಸ್ಟೆಲ್ ದಿನಗಳಲ್ಲಿ ಒಂದು ಇಡೀ ರಾತ್ರಿ ನಾನು ಸಮುದ್ರದ ದಂಡೆಗುಂಟ ಮೇಲೆ ಕೆಳಗೆ ಈಜಿದ್ದೇನೆ. ದಂಡೆ ಇದ್ದದ್ದು ಕಂಪ್ಯೂಟರ್ ಪರದೆಯ ಮೇಲೆ, ಪೋಕೆಮಾನ್ ಆಟದ ಸಿನ್ನಬಾರ್ ದ್ವೀಪದಲ್ಲಿ. ಪಕ್ಕದ ರೂಮಿನವನು ಹೇಳಿದ್ದ: "ವಿರಿಡಿಯನ್ ಊರಿನ ಮುದುಕನ ಹತ್ರ ಪೋಕೆಮಾನ್ ಹಿಡಿಯೋದು ಹೆಂಗೆ ಅಂತ ತೋರಿಸ್ಕೊಂಡು ಸೀದಾ ಅಲ್ಲಿಗೆ ಹಾರು. ಈಜ್ತಾ ಇರು, ಒಂದು ದೆವ್ವ ಬರುತ್ತೆ." ಬೆಳಗಾಯ್ತು. ದೆವ್ವ ಬರಲಿಲ್ಲ.

ಅವನು ಸುಳ್ಳು ಹೇಳಿರಲಿಲ್ಲ. ಅವನು ಆಡಿದ್ದು ಹಳೆಯ 'ರೆಡ್'. ನಾನು ಆಡ್ತಿದ್ದದ್ದು ಅದನ್ನೇ 2004ರಲ್ಲಿ ಹೊಸದಾಗಿ ಕಟ್ಟಿದ 'ಫೈರ್‌ರೆಡ್'. ಅದೇ ಊರುಗಳು, ಅದೇ ದಾರಿ, ಅದೇ ಮುದುಕ. ದೆವ್ವ ಮಾತ್ರ ನಾಪತ್ತೆ. ಆ ದೆವ್ವ ಎಲ್ಲಿ ಹೋಯ್ತು ಅನ್ನೋದೇ ಈ ಕಥೆ.

ಆಟದ ಮೂಲ ಹುಳುಗಳಲ್ಲಿದೆ. ಟೋಕಿಯೊ ಅಂಚಿನ ಮಾಚಿದಾದಲ್ಲಿ ಬೆಳೆದ ಸತೋಷಿ ತಾಜಿರಿ ಚಿಕ್ಕಂದಿನಲ್ಲಿ ಕೆರೆ, ತೋಪು ಸುತ್ತಿ ಹುಳು ಹಿಡೀತಿದ್ದ. ನಗರ ಬೆಳೀತು, ಹುಳುಗಳ ಜಾಗ ಹೋಯ್ತು. 1983ರಲ್ಲಿ ಅವನು 'ಗೇಮ್ ಫ್ರೀಕ್' ಅನ್ನೋ ಪುಟ್ಟ ಪತ್ರಿಕೆ ಶುರು ಮಾಡಿದ. 1989ರಲ್ಲಿ ಅದೇ ಹೆಸರಿನ ಕಂಪನಿ ಆಯ್ತು. ಅದೇ ವರ್ಷ ನಿಂಟೆಂಡೊ ಗೇಮ್ ಬಾಯ್ ಬಂತು, ಜೊತೆಗೆ ಎರಡು ಯಂತ್ರಗಳನ್ನು ಜೋಡಿಸುವ ಕೇಬಲ್ ಕೂಡ. ಆ ತಂತಿಯ ಮೇಲೆ ಹುಳುಗಳು ಈ ಕಡೆಯಿಂದ ಆ ಕಡೆಗೆ ಹರಿದು ಹೋಗೋ ಹಾಗೆ ಅವನಿಗೆ ಕಂಡಿತು. ಪೋಕೆಮಾನ್ ಹುಟ್ಟಿದ್ದು ಅಲ್ಲಿಂದ. ಮಾಡೋಕೆ ಸುಮಾರು ಆರು ವರ್ಷ ಹಿಡಿದು, 1996ರ ಫೆಬ್ರವರಿ 27ರಂದು ಜಪಾನಿನಲ್ಲಿ 'ರೆಡ್' ಮತ್ತು 'ಗ್ರೀನ್' ಬಿಡುಗಡೆ ಆದವು. ಒಂದರಲ್ಲಿ ಸಿಗೋ ಕೆಲವು ಪ್ರಾಣಿಗಳು ಇನ್ನೊಂದರಲ್ಲಿ ಸಿಗಲ್ಲ. ಎಲ್ಲವೂ ಬೇಕಂದ್ರೆ ಗೆಳೆಯನ ಜೊತೆ ಬದಲಾಯಿಸಿಕೊಳ್ಳಲೇಬೇಕು.

ಆ ಯಂತ್ರದ ಕೆಲಸದ ಮೆಮೊರಿ ಬರೀ 8 ಕಿಲೋಬೈಟ್. ವಾಟ್ಸಾಪಿನಲ್ಲಿ ಬರೋ ಗುಡ್ ಮಾರ್ನಿಂಗ್ ಚಿತ್ರ ಇದರ ಎಷ್ಟೋ ಪಟ್ಟು ದೊಡ್ಡದು. ಪರೀಕ್ಷೆಗೆ ಬಳಸಿದ್ದ ಕೋಡನ್ನು ಕೊನೆಗೆ ತೆಗೆದಾಗ ಸುಮಾರು 300 ಬೈಟ್ ಜಾಗ ಉಳೀತು. ಪ್ರೋಗ್ರಾಮರ್ ಶಿಗೆಕಿ ಮೊರಿಮೊತೊ ಅಷ್ಟರಲ್ಲೇ 151ನೇ ಪ್ರಾಣಿ 'ಮ್ಯೂ'ವನ್ನು ತುರುಕಿದ. ಜಾಗದ ವಿಷಯದಲ್ಲಿ ಇಷ್ಟು ಜಿಪುಣತನ ಇದ್ದ ಕಡೆ ತಪ್ಪುಗಳೂ ಇರ್ತವೆ.

ಒಂದು ಉದಾಹರಣೆ. 'ನೂರಕ್ಕೆ ನೂರು' ಗುರಿ ಮುಟ್ಟಬೇಕಾದ ಏಟು ಆ ಆಟದಲ್ಲಿ 256ಕ್ಕೆ ಒಂದು ಸಲ ತಪ್ಪುತ್ತೆ. ನೂರನ್ನು 255 ಅಂತ ಬರೆದಿದ್ದಾರೆ. 0ಯಿಂದ 255ರ ಒಳಗೆ ಒಂದು ಅಂಕಿ ಎತ್ತಿ, ಅದು 255ಕ್ಕಿಂತ ಕಡಿಮೆ ಇದೆಯಾ ಅಂತ ನೋಡ್ತಾರೆ. 255ನೇ ಬಂದ್ರೆ ಏಟು ಗಾಳಿಗೆ. 'ಕಡಿಮೆ ಅಥವಾ ಸಮ' ಅಂತ ಬರೆಯದೆ 'ಕಡಿಮೆ' ಅಂತಷ್ಟೇ ಬರೆದು ಬೈಸಿಕೊಳ್ಳದ ಇಂಜಿನಿಯರ್ ನಮ್ಮಲ್ಲಿ ಯಾರಿದ್ದಾರೆ?

ದೆವ್ವದ ಹೆಸರು 'ಮಿಸ್ಸಿಂಗ್‌ನೋ'. ಮುದುಕ ಪ್ರಾಣಿ ಹಿಡಿದು ತೋರಿಸುವಾಗ ಪರದೆಯ ಮೇಲೆ ಅವನ ಹೆಸರು ಬರಬೇಕು. ಆದ್ದರಿಂದ ನಿಮ್ಮ ಹೆಸರನ್ನು ತಾತ್ಕಾಲಿಕವಾಗಿ ಬೇರೆ ಕಡೆ ಇಡಬೇಕು. ಇಟ್ಟದ್ದು ಎಲ್ಲಿ? ಹುಲ್ಲಿನಲ್ಲಿ ಸಿಗೋ ಪ್ರಾಣಿಗಳ ಪಟ್ಟಿ ಇರೋ ಜಾಗದಲ್ಲಿ. ಬೇರೆ ಊರಿನ ಹುಲ್ಲಿಗೆ ಹೋದ್ರೆ ಹೊಸ ಪಟ್ಟಿ ಅದರ ಮೇಲೆ ಕೂರುತ್ತೆ, ತೊಂದರೆ ಇಲ್ಲ. ಆದರೆ ಸಿನ್ನಬಾರಿನಲ್ಲಿ ಹುಲ್ಲೇ ಇಲ್ಲ, ಹಳೆಯದು ಹಾಗೇ ಉಳಿಯುತ್ತೆ. ಅಲ್ಲಿನ ಪೂರ್ವದ ದಂಡೆಯ ನೀರನ್ನೋ, ಆಟ ತಪ್ಪಾಗಿ ಹುಲ್ಲಿನ ಲೆಕ್ಕಕ್ಕೆ ಹಿಡಿಯುತ್ತೆ. ಪಟ್ಟಿ ತೆಗೆದ್ರೆ ಸಿಗೋದು ನಿಮ್ಮ ಹೆಸರು. ಅದರ ಅಕ್ಷರಗಳ ಕೋಡನ್ನೇ ಪ್ರಾಣಿಯ ನಂಬರ್ ಅಂತ, ಲೆವೆಲ್ ಅಂತ ಓದುತ್ತೆ. ಆ ನಂಬರಿನ ಪ್ರಾಣಿ ಇಲ್ಲದಿದ್ದರೆ, ಚಿಂದಿಯಾದ ಪಿಕ್ಸೆಲ್‌ಗಳ ಒಂದು ಕಂಬ ನಿಮ್ಮೆದುರು ನಿಲ್ಲುತ್ತೆ. ಜೊತೆಗೆ ಚೀಲದಲ್ಲಿನ ಆರನೇ ವಸ್ತು 128ರಷ್ಟು ಹೆಚ್ಚಾಗುತ್ತೆ. ಮಕ್ಕಳಿಗೆ ಇನ್ನೇನು ಬೇಕು?

ಈಗ 2004ಕ್ಕೆ ಬರೋಣ. ಹಳೆ ಆಟವನ್ನು ಮತ್ತೆ ಕಟ್ಟುವ ಅಗತ್ಯ ಬಂದದ್ದು ಬರೀ ಹಳೆ ನೆನಪಿನ ವ್ಯಾಪಾರಕ್ಕಲ್ಲ. 1999ರ 'ಗೋಲ್ಡ್', 'ಸಿಲ್ವರ್' ಆಟಗಳಿಗೆ ಹಳೇ ಪ್ರಾಣಿಗಳನ್ನು ಕೇಬಲ್ಲಿನಲ್ಲಿ ಕಳಿಸಬಹುದಿತ್ತು. 2002ರಲ್ಲಿ ಗೇಮ್ ಬಾಯ್ ಅಡ್ವಾನ್ಸಿಗೆ 'ರೂಬಿ', 'ಸಫೈರ್' ಬಂದಾಗ ಆ ದಾರಿ ಮುಚ್ಚಿತು. ಪ್ರಾಣಿಯ ಹುಟ್ಟುಗುಣದ ಅಂಕಿ ಮೊದಲು 0ಯಿಂದ 15ರವರೆಗಿತ್ತು, ಈಗ 31ರವರೆಗೆ. ಸ್ವಭಾವ, ವಿಶೇಷ ಸಾಮರ್ಥ್ಯ ಅಂತ ಹಿಂದೆ ಇಲ್ಲದ ಗುಣಗಳು ಸೇರಿದವು. ಹಳೇ ದಾಖಲೆ ಹೊಸ ಚೌಕಟ್ಟಿಗೆ ಕೂರಲಿಲ್ಲ. ಹಳೆಯ ಎಷ್ಟೋ ಜಾತಿಗಳು ಹೊಸ ಆಟದಲ್ಲಿ ಸಿಗದೇ ಹೋದವು. ಅವನ್ನು ವಾಪಸ್ ತರೋ ದಾರಿಯೇ 'ಫೈರ್‌ರೆಡ್' ಮತ್ತು 'ಲೀಫ್‌ಗ್ರೀನ್'. ಕೇಬಲ್ ಬದಲು ವೈರ್‌ಲೆಸ್ ಅಡಾಪ್ಟರ್ ಬಂತು. ಬಣ್ಣ ಬಂತು. ತಪ್ಪುಗಳು ಹೋದವು, ದೆವ್ವವೂ ಅವುಗಳ ಜೊತೆಗೇ.

ಆದರೆ ವಾಪಸ್ ಬಂದದ್ದು ಜಾತಿ ಮಾತ್ರ. 1996ರಲ್ಲಿ ಯಾರೋ ಹುಡುಗ ಹೆಸರಿಟ್ಟು ಸಾಕಿದ ಅದೇ ಪ್ರಾಣಿ ಬರಲಿಲ್ಲ. ಅದು ಹಳೇ ಕ್ಯಾಟ್ರಿಜ್ಜಿನಲ್ಲೇ ಉಳೀತು. ಅಲ್ಲಿ ಸೇವ್ ಮಾಡಿದ್ದನ್ನು ಕಾಪಾಡೋದು ಒಂದು ನಾಣ್ಯದಂಥ ಬ್ಯಾಟರಿ. ಅದು ಸತ್ತ ದಿನ ಎಲ್ಲವೂ ಅಳಿಸಿ ಹೋಗುತ್ತೆ.

ಕೊನೆಗೊಂದು ಸೇತುವೆ ಸಿಕ್ಕಿತು, ಅದೂ ಯಾವ ರೀಮೇಕಿನಿಂದಲೂ ಅಲ್ಲ. 2016ರ ಫೆಬ್ರವರಿ 27ಕ್ಕೆ, ಇಪ್ಪತ್ತು ವರ್ಷ ತುಂಬಿದ ದಿನ, ಹಳೇ ಆಟವನ್ನು ತಪ್ಪುಗಳ ಸಮೇತ 3ಡಿಎಸ್ ಯಂತ್ರಕ್ಕೆ ಬಿಟ್ಟರು. ಅದರಲ್ಲಿ ಹಿಡಿದ ಪ್ರಾಣಿಗಳನ್ನು 2017ರಿಂದ ಹೊಸ ಆಟಗಳಿಗೆ ಕಳಿಸಬಹುದಾಯ್ತು. ಹಳೇ ಕ್ಯಾಟ್ರಿಜ್ಜಿನವಕ್ಕೆ ಮಾತ್ರ ಇವತ್ತಿಗೂ ಆ ದಾರಿ ಇಲ್ಲ. ಇತ್ತ ಕೆಲವು ಅಭಿಮಾನಿಗಳು 'ರೆಡ್'ನ ಯಂತ್ರಭಾಷೆಯನ್ನು ಬಿಡಿಸಿ, ಓದಬಲ್ಲ ಅಸೆಂಬ್ಲಿ ಕೋಡಾಗಿ ಬರೆದಿಟ್ಟಿದ್ದಾರೆ. ಅದನ್ನು ಮತ್ತೆ ಜೋಡಿಸಿದ್ರೆ ಮೂಲದ ಆಟವೇ ಬರುತ್ತೆ, ಒಂದು ಬೈಟೂ ಆಚೀಚೆ ಇಲ್ಲ. 256ಕ್ಕೆ ಒಂದು ಸಲ ತಪ್ಪೋ ಏಟು ಕೂಡ ಅಲ್ಲೇ ಇದೆ.

ನಾನೂ ಒಮ್ಮೆ ಆಫೀಸಿನಲ್ಲಿ ಹಳೇ ಸಿಸ್ಟಂ ತೆಗೆದು ಹೊಸದು ಬರೆದ ತಂಡದಲ್ಲಿದ್ದೆ. ರದ್ದಾದ ಬಿಲ್‌ಗಳೂ ಹಳೇ ರಿಪೋರ್ಟಿನಲ್ಲಿ ಕಾಣ್ತಿದ್ದವು. ತಪ್ಪು ಅಂತ ಸರಿಮಾಡಿದ್ವಿ. ಸೋಮವಾರ ಅಕೌಂಟ್ಸಿನವರು ಬಂದು ಕೂತರು. ಎಷ್ಟೋ ವರ್ಷಗಳಿಂದ ಅವರು ಲೆಕ್ಕ ತಾಳೆ ನೋಡ್ತಿದ್ದದ್ದೇ ಆ ಸಾಲುಗಳಿಂದ. ಅವರನ್ನು ನಾವು ಯಾರೂ ಕೇಳಿರಲಿಲ್ಲ.

ಆ ವಾರವೇ ಮನೆಯಲ್ಲಿ ಹಳೇ 'ರೆಡ್' ಹಾಕಿ, ಮುದುಕನ ಹತ್ರ ಪಾಠ ಹೇಳಿಸ್ಕೊಂಡು ಸಿನ್ನಬಾರಿಗೆ ಹಾರಿದೆ. ಎರಡು ನಿಮಿಷ ಈಜಿರಬಹುದು, ದೆವ್ವ ಬಂತು. ಹಾಸ್ಟೆಲಿನ ಆ ಗೆಳೆಯನಿಗೆ ಫೋಟೋ ಕಳಿಸಿದೆ.

"ಹೇಳಿದ್ನಲ್ಲ," ಅಂತ ಉತ್ತರ ಬಂತು.