ಪೂರ್ವ ಯುರೋಪ್ ಎಲ್ಲಿಂದ ಶುರು? ಒಂದು ಗಡಿವಿವಾದದ ಚರಿತ್ರೆ

ಭೂಪಟ ಬಿಡಿಸಿ ನೋಡಿದರೆ ಪ್ರಾಗ್ ನಗರ ವಿಯೆನ್ನಾಕ್ಕಿಂತ ಪಶ್ಚಿಮಕ್ಕಿದೆ. ಆದರೂ ವಿಶ್ವಸಂಸ್ಥೆಯ ಅಂಕಿಅಂಶ ವಿಭಾಗದ ಪಟ್ಟಿಯಲ್ಲಿ ಝೆಕ್ ಗಣರಾಜ್ಯ ಪೂರ್ವ ಯುರೋಪಿಗೆ ಸೇರಿದ್ದರೆ ಆಸ್ಟ್ರಿಯಾ ಪಶ್ಚಿಮ ಯುರೋಪಿಗೆ ಸೇರಿದೆ. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳನ್ನು ಆ ಪಟ್ಟಿ ಉತ್ತರ ಯುರೋಪಿನಲ್ಲಿ ಇಟ್ಟಿದೆ. ಅದೇ ವಿಶ್ವಸಂಸ್ಥೆಯಲ್ಲಿ ಚುನಾಯಿತ ಸ್ಥಾನಗಳ ಹಂಚಿಕೆಗೆ ಬಳಸುವ ಪ್ರಾದೇಶಿಕ ಗುಂಪುಗಳಲ್ಲಿ ಈ ಮೂರೂ ದೇಶಗಳು ಪೂರ್ವ ಯುರೋಪಿನವು. ಅಂಕಿಅಂಶ ವಿಭಾಗವೇನೋ ತನ್ನ ವಿಂಗಡಣೆ ಲೆಕ್ಕದ ಅನುಕೂಲಕ್ಕಷ್ಟೇ, ಅದಕ್ಕೆ ರಾಜಕೀಯ ಅರ್ಥ ಹಚ್ಚಬಾರದು ಎಂದು ಹೇಳಿ ಕೈತೊಳೆದುಕೊಂಡಿದೆ. ದಿಕ್ಸೂಚಿ ಹಿಡಿದು ಈ ಗಂಟನ್ನು ಬಿಡಿಸಲಾಗದು. ಈ ಹೆಸರನ್ನು ಯಾರು, ಯಾವಾಗ, ಯಾವ ಉದ್ದೇಶಕ್ಕೆ ಬಳಸಿದರು ಎಂಬುದನ್ನು ಹಿಡಿದು ಹೋಗಬೇಕು.

ಪೂರ್ವ–ಪಶ್ಚಿಮ ಎಂಬ ಯುರೋಪಿನ ಒಡಕು ನಾವು ಅಂದುಕೊಂಡಷ್ಟು ಹಳೆಯದಲ್ಲ. ನವೋದಯ ಕಾಲದ ಇಟಲಿಯ ವಿದ್ವಾಂಸರ ಕಣ್ಣಿಗೆ ಖಂಡ ಇಬ್ಭಾಗವಾಗಿದ್ದದ್ದು ಉತ್ತರ–ದಕ್ಷಿಣವಾಗಿ: ದಕ್ಷಿಣದಲ್ಲಿ ನಾಗರಿಕತೆ, ಆಲ್ಪ್ಸ್‌ನ ಆಚೆ ಅನಾಗರಿಕರು. ಈ ಅಕ್ಷವನ್ನು ತಿರುಗಿಸಿದವರು ಹದಿನೆಂಟನೆಯ ಶತಮಾನದ ಚಿಂತಕರು ಮತ್ತು ಪ್ರವಾಸಿಗಳು ಎಂದು ಅಮೆರಿಕದ ಇತಿಹಾಸಕಾರ ಲ್ಯಾರಿ ವುಲ್ಫ್ 1994ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಪೋಲೆಂಡಿಗೆ ಎಂದೂ ಕಾಲಿಡದ ವೋಲ್ಟೇರ್ ಸ್ವೀಡನ್ನಿನ ಅರಸ ಹನ್ನೆರಡನೆಯ ಚಾರ್ಲ್ಸನ ಚರಿತ್ರೆ ಬರೆಯುತ್ತ, ಅವನ ದಂಡಯಾತ್ರೆಯ ದಾರಿಯಲ್ಲೇ ಓದುಗರನ್ನು ಪೋಲೆಂಡ್, ಉಕ್ರೇನ್‌ಗಳಿಗೆ ಕರೆದೊಯ್ದ. ಫ್ರಾನ್ಸಿನ ಓದುಗರಿಗೆ ಈ ನಾಡುಗಳೆಲ್ಲ ಒಂದೇ ತರಹದವಾಗಿ ಕಾಣತೊಡಗಿದ್ದು ಇಂಥ ಬರಹಗಳಿಂದ. ವುಲ್ಫ್ ಪುಸ್ತಕಗಳಿಗೆ ಕೊಟ್ಟ ತೂಕವನ್ನು ಸಾಮ್ರಾಜ್ಯಗಳಿಗೆ ಕೊಡಲಿಲ್ಲ ಎನ್ನುವುದು ನನ್ನ ತಕರಾರು. ಮೂಲ ವಾದವಂತೂ ಗಟ್ಟಿಯಾಗಿದೆ.

ಅದೇ ಚಾರ್ಲ್ಸನ ಸೇನೆಯಲ್ಲಿದ್ದ ಫಿಲಿಪ್ ಯೋಹಾನ್ ಫಾನ್ ಸ್ಟ್ರಾಲೆನ್‌ಬರ್ಗ್ 1709ರ ಪೋಲ್ಟಾವಾ ಯುದ್ಧದ ಹೊತ್ತಿಗೆ ರಷ್ಯನ್ನರ ಕೈಗೆ ಸೆರೆಸಿಕ್ಕ. ಸೈಬೀರಿಯಾದ ಟೊಬೊಲ್ಸ್ಕ್‌ನಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದು, ಊರಿಗೆ ಮರಳಿ, 1730ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಯುರೋಪ್ ಮತ್ತು ಏಷ್ಯಾಗಳ ಗಡಿಯನ್ನು ಉರಲ್ ಪರ್ವತಕ್ಕೆ ಒಯ್ದ. ಪ್ರಾಚೀನ ಗ್ರೀಕರಿಂದಲೂ ಆ ಗೌರವ ಬಹುಮಟ್ಟಿಗೆ ಡಾನ್ ನದಿಯದಾಗಿತ್ತು. ಉರಲ್‌ನ ಯೋಚನೆ ಮೊದಲು ತನ್ನದೇ ಎಂದು ರಷ್ಯಾದ ವಸಿಲಿ ತತಿಷ್ಚೆವ್ ಹಕ್ಕು ಸಾಧಿಸಿದ. ಯಾರದಾದರೂ ಇರಲಿ, ಪೀಟರ್ ದೊರೆ 1721ರಲ್ಲಿ ಚಕ್ರವರ್ತಿಯಾದ ಮೇಲೆ ರಷ್ಯಾಕ್ಕೆ ಈ ರೇಖೆ ಬೇಕಿತ್ತು. ಉರಲ್‌ನ ಈಚೆ ಯುರೋಪಿನ ತಾಯ್ನಾಡು, ಆಚೆ ಏಷ್ಯಾದ ವಸಾಹತು: ಸ್ಪೇನ್, ಇಂಗ್ಲೆಂಡ್‌ಗಳಿಗೆ ಸಮುದ್ರ ಒದಗಿಸಿದ್ದ ಅಂತರವನ್ನು ರಷ್ಯಾಕ್ಕೆ ಅಷ್ಟೇನೂ ಎತ್ತರವಿಲ್ಲದ ಒಂದು ಬೆಟ್ಟಸಾಲು ಒದಗಿಸಿತು. ದಕ್ಷಿಣದ ತುದಿ ಮಾತ್ರ ಇಂದಿಗೂ ಇತ್ಯರ್ಥವಾಗಿಲ್ಲ. ಗಡಿ ಕಾಕಸಸ್ ಶಿಖರಶ್ರೇಣಿಯ ಮೇಲೆ ಹಾದರೆ ಯುರೋಪಿನ ಅತ್ಯುನ್ನತ ಶಿಖರ 5,642 ಮೀಟರ್ ಎತ್ತರದ ಎಲ್ಬ್ರುಸ್. ಉತ್ತರದ ಕುಮಾ–ಮಾನಿಚ್ ತಗ್ಗಿನಲ್ಲಿ ಹಾದರೆ ಆ ಪಟ್ಟ ಮೋಂಟ್ ಬ್ಲಾಂಕ್‌ಗೆ.

ಮಧ್ಯ ಯುರೋಪಿನ ಕಲ್ಪನೆಯೂ ಇಷ್ಟೇ ಹೊರೆ ಹೊತ್ತಿದೆ. ಜರ್ಮನಿಯ ರಾಜಕಾರಣಿ ಫ್ರೀಡ್ರಿಖ್ ನೌಮನ್ 1915ರಲ್ಲಿ, ಮಹಾಯುದ್ಧದ ನಡುವೆಯೇ, ಜರ್ಮನಿ ಮತ್ತು ಆಸ್ಟ್ರಿಯಾ–ಹಂಗೇರಿಗಳ ಆರ್ಥಿಕ ಒಕ್ಕೂಟವನ್ನು ‘ಮಿಟ್ಟೆಲ್‌ಯುರೋಪಾ’ ಎಂಬ ಹೆಸರಿನಲ್ಲಿ ಮುಂದಿಟ್ಟ. 1945ರ ನಂತರ ಆ ಹೆಸರಿಗೆ ಜರ್ಮನ್ ಆಕ್ರಮಣದ ವಾಸನೆ ಅಂಟಿಕೊಂಡಿತು. ಇನ್ನೊಂದು ಕಡೆ, 1946ರ ಮಾರ್ಚ್ 5ರಂದು ಅಮೆರಿಕದ ಫುಲ್ಟನ್‌ನಲ್ಲಿ ಚರ್ಚಿಲ್ ಮಾತಾಡಿದಾಗ ಬಾಲ್ಟಿಕ್ ತೀರದ ಸ್ಟೆಟಿನ್‌ನಿಂದ ಏಡ್ರಿಯಾಟಿಕ್‌ನ ಟ್ರಿಯೆಸ್ಟ್‌ವರೆಗೆ ಕಬ್ಬಿಣದ ಪರದೆ ಇಳಿದಿತ್ತು. ಅಲ್ಲಿಂದ ಮುಂದಿನ ನಾಲ್ಕು ದಶಕ ಎರಡೇ ಯುರೋಪ್‌ಗಳು.

ಆ ಎರಡರಾಚೆ ಯೋಚಿಸಿದವರು ಇತಿಹಾಸಕಾರರು. ಅಮೆರಿಕದಲ್ಲಿ ನೆಲೆಸಿದ್ದ ಪೋಲಿಷ್ ವಿದ್ವಾಂಸ ಆಸ್ಕರ್ ಹಾಲೆಟ್ಸ್ಕಿ 1950ರಲ್ಲಿ ಖಂಡವನ್ನು ಪಶ್ಚಿಮ, ಪಶ್ಚಿಮ–ಮಧ್ಯ, ಪೂರ್ವ–ಮಧ್ಯ, ಪೂರ್ವ ಎಂದು ನಾಲ್ಕಾಗಿ ವಿಂಗಡಿಸಿದರು. 1980ರ ದಶಕದ ಆರಂಭದಲ್ಲಿ ಹಂಗೇರಿಯ ಯೆನೊ ಸ್ಯೂಚ್ ಮೂರು ಪ್ರದೇಶಗಳ ವಾದ ಮಂಡಿಸಿದರು. ಶಾರ್ಲಮೇನ್‌ನ ಸಾಮ್ರಾಜ್ಯದ ಪೂರ್ವದಂಚು ಎಲ್ಬೆ ಮತ್ತು ಲೈತಾ ನದಿಗಳ ಆಸುಪಾಸಿನಲ್ಲಿತ್ತು. ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ಶೀತಲ ಸಮರದ ರೇಖೆಯೂ ಹೆಚ್ಚುಕಡಿಮೆ ಅದೇ ಜಾಡಿನಲ್ಲಿ ಬಿತ್ತು ಎಂಬುದನ್ನು ಅವರು ಗುರುತಿಸಿದ್ದು ರೋಮಾಂಚಕವೇ ಸರಿ. ಆದರೆ ಇಂಥ ಹೊಂದಿಕೆಯನ್ನು ವಿಧಿಲಿಖಿತವೆಂದು ಓದುವ ಅಪಾಯವೂ ಇದೆ. ಗ್ರೀಸ್‌ನಂಥ ದೇಶವನ್ನು ಆ ಗೆರೆಯ ಯಾವ ಬದಿಗೆ ಹಾಕುವುದು?

ಸ್ಯೂಚ್ ಅವರ ಬರಹ ವಿದ್ವಾಂಸರ ವಲಯದಲ್ಲಿ ಓಡಾಡಿದರೆ, ಪ್ಯಾರಿಸ್ಸಿನಲ್ಲಿದ್ದ ಝೆಕ್ ಕಾದಂಬರಿಕಾರ ಮಿಲನ್ ಕುಂದೆರಾ ಅವರ 1983ರ ಪ್ರಬಂಧ ಗುಲ್ಲೆಬ್ಬಿಸಿತು. ಝೆಕ್, ಪೋಲಿಷ್, ಹಂಗೇರಿಯನ್ ಜನ ಭೂಗೋಳದಲ್ಲಿ ಮಧ್ಯದವರು, ಸಂಸ್ಕೃತಿಯಲ್ಲಿ ಪಶ್ಚಿಮದವರು, ರಾಜಕೀಯದಲ್ಲಿ ಮಾತ್ರ ಪೂರ್ವಕ್ಕೆ ಅಪಹರಿಸಲ್ಪಟ್ಟವರು ಎಂಬುದು ಅವರ ಅಳಲು. 1968ರಲ್ಲಿ ಸೋವಿಯತ್ ಟ್ಯಾಂಕುಗಳನ್ನು ಪ್ರಾಗ್ ಬೀದಿಯಲ್ಲಿ ಕಂಡ ದೇಶದ ಲೇಖಕನ ಈ ಅಳಲಿಗೆ ನೆಲೆಯಿತ್ತು. ಆದರೆ ತನ್ನವರನ್ನು ಪೂರ್ವದ ಪಟ್ಟಿಯಿಂದ ಬಿಡಿಸಲು ಕುಂದೆರಾ ರಷ್ಯಾವನ್ನು ಯುರೋಪಿನ ಸಂಸ್ಕೃತಿಯಿಂದಲೇ ಆಚೆಗೆ ತಳ್ಳಿದರು. ಪೂರ್ವವೆಂಬ ಹಣೆಪಟ್ಟಿ ಅಳಿಯಲಿಲ್ಲ, ನೆರೆಯವರ ಹಣೆಗೆ ಜರುಗಿತು.

ಈ ಜರುಗಿಸುವಿಕೆ 1989ರ ನಂತರ ಚುರುಕಾಯಿತು. 1991ರ ಫೆಬ್ರವರಿಯಲ್ಲಿ ಪೋಲೆಂಡ್, ಹಂಗೇರಿ, ಚೆಕೊಸ್ಲೊವಾಕಿಯಾ ನಾಯಕರು ಹಂಗೇರಿಯ ವಿಶೆಗ್ರಾದ್‌ನಲ್ಲಿ ಸೇರಿದರು. 1335ರಲ್ಲಿ ಅಲ್ಲೇ ಮೂರು ನಾಡಿನ ರಾಜರು ಕೂಡಿದ್ದ ನೆನಪು ಅವರಿಗೆ ಅನುಕೂಲವಾಗಿ ಒದಗಿತು. ಎಸ್ಟೋನಿಯಾದ ವಿದೇಶಾಂಗ ಸಚಿವ ತೋಮಾಸ್ ಹೆಂಡ್ರಿಕ್ ಇಲ್ವೆಸ್ 1999ರಲ್ಲಿ ಸ್ವೀಡನ್ನಿನಲ್ಲಿ ಭಾಷಣ ಮಾಡಿ, ತಮ್ಮದು ನಾರ್ಡಿಕ್ ದೇಶ ಎಂದು ಪ್ರತಿಪಾದಿಸಿದರು.

ಎಲ್ಲಕ್ಕಿಂತ ವಿಚಿತ್ರವಾದದ್ದು ‘ಪಶ್ಚಿಮ ಬಾಲ್ಕನ್’. ಬಾಲ್ಕನ್ ಎಂಬ ಹೆಸರೇ ಒಂದು ತಪ್ಪಿನ ಕೂಸು: ಜರ್ಮನ್ ಭೂಗೋಳಜ್ಞ ಆಗಸ್ಟ್ ಝೋಯ್ನೆ 1808ರಲ್ಲಿ, ಬಹುಪಾಲು ಬಲ್ಗೇರಿಯಾದಲ್ಲಿರುವ ಆ ಬೆಟ್ಟಸಾಲು ಏಡ್ರಿಯಾಟಿಕ್‌ವರೆಗೂ ಹಬ್ಬಿದೆ ಎಂದು ನಂಬಿ ಇಡೀ ಪರ್ಯಾಯದ್ವೀಪಕ್ಕೆ ಆ ಹೆಸರಿಟ್ಟ. ಯುರೋಪಿಯನ್ ಒಕ್ಕೂಟ 1990ರ ದಶಕದ ಕೊನೆಯಿಂದ ಬಳಸುತ್ತಿರುವ ‘ಪಶ್ಚಿಮ ಬಾಲ್ಕನ್’ ಎಂದರೆ ಹಳೆಯ ಯುಗೊಸ್ಲಾವಿಯಾದಲ್ಲಿ ಸ್ಲೊವೇನಿಯಾವನ್ನು ಕಳೆದು ಅಲ್ಬೇನಿಯಾವನ್ನು ಕೂಡಿಸಿದ್ದು. 2013ರ ಜುಲೈ 1ರಂದು ಕ್ರೊಯೇಷಿಯಾ ಒಕ್ಕೂಟದ ಸದಸ್ಯನಾಯಿತು, ಪಶ್ಚಿಮ ಬಾಲ್ಕನ್‌ನಿಂದ ಹೊರಬಿತ್ತು. ನೆಲ ಒಂದಂಗುಲವೂ ಕದಲಿರಲಿಲ್ಲ.

ನಮ್ಮ ಪಠ್ಯಪುಸ್ತಕಗಳೂ ಪತ್ರಿಕೆಗಳೂ ‘ಪೂರ್ವ ಯುರೋಪ್’ ಎಂದು ನಿರಾತಂಕವಾಗಿ ಬರೆಯುವುದುಂಟು. ಬರೆಯಲಿ, ಜೊತೆಗೆ ಅದು ಯಾವ ಇಸವಿಯ, ಯಾವ ಸಂಸ್ಥೆಯ ಅಥವಾ ಯಾವ ಲೇಖಕನ ಪೂರ್ವ ಯುರೋಪ್ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಲಿ.