ಸ್ವಾಮಿಯವರಿಲ್ಲದ ಭಾನುವಾರಗಳು

ಕೊಳ್ಳೇಗಾಲದಿಂದ ಯಳಂದೂರಿಗೆ ಈಗ ಬಸ್ಸು ಹತ್ತಿದರೆ ಅರ್ಧ ಗಂಟೆಯ ಮಾತು. 1956ರ ನವೆಂಬರ್ 1ಕ್ಕೆ ಮುಂಚೆ ಅಷ್ಟೇ ದಾರಿಯಲ್ಲಿ ಸರ್ಕಾರವೇ ಬದಲಾಗುತ್ತಿತ್ತು. ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದರೆ, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಯಳಂದೂರು ಮೈಸೂರು ಸೀಮೆಯೊಳಗಿತ್ತು. ಹನೂರು ಕೊಳ್ಳೇಗಾಲದ ಜೊತೆಯಲ್ಲೇ ಕೊಯಮತ್ತೂರು ಕಲೆಕ್ಟರರ ಕಡೆಗೆ ಮುಖ ಮಾಡಿಕೊಂಡಿತ್ತು. ಅದು ಸ್ವಂತ ತಾಲ್ಲೂಕಾದದ್ದು ಮೊನ್ನೆ ಮೊನ್ನೆ, 2018ರಲ್ಲಿ.

ಚರ್ಚಿನ ಗಡಿ ಮಾತ್ರ ಈ ಸರ್ಕಾರಿ ಗಡಿಯ ಮಾತು ಕೇಳಲಿಲ್ಲ. 20ನೇ ಶತಮಾನದ ಆರಂಭದಲ್ಲೇ ಮೈಸೂರು ಧರ್ಮಪ್ರಾಂತ್ಯದ ಎಲ್ಲೆಯೊಳಗೆ ಮೈಸೂರು ಸೀಮೆ, ಕೊಡಗುಗಳ ಜೊತೆಗೆ ಕೊಳ್ಳೇಗಾಲ ತಾಲ್ಲೂಕಿನ ಒಂದು ಭಾಗವೂ ಇತ್ತು. 1940ರಲ್ಲಿ ಬೆಂಗಳೂರು, ಮೈಸೂರು ಬೇರೆ ಬೇರೆ ಧರ್ಮಪ್ರಾಂತ್ಯಗಳಾದವು. ಹೊಸ ಮೈಸೂರಿಗೆ ಪ್ಯಾರಿಸ್ ವಿದೇಶೀ ಮಿಷನ್ನಿನ ರೆನೆ ಫುಗಾ ಮೊದಲ ಧರ್ಮಾಧ್ಯಕ್ಷರಾದರು. ಆಗ ನೀಲಗಿರಿಯೂ ಮೈಸೂರಿನ ಮಡಿಲಲ್ಲೇ ಇತ್ತು. 1955ರಲ್ಲಿ ಊಟಿ ಧರ್ಮಪ್ರಾಂತ್ಯ ಹುಟ್ಟಿದಾಗ ಅದು ಆ ಕಡೆ ಹೋಯಿತು, ನಾವು ಈ ಕಡೆ ಉಳಿದೆವು. ಮರುವರ್ಷವೇ ರಾಜ್ಯಗಳ ಗಡಿ ಬದಲಾಗಿ ಕೊಳ್ಳೇಗಾಲ ಮೈಸೂರು ಜಿಲ್ಲೆಗೆ ಬಂತು, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ. ಇಷ್ಟೊಂದು ಸಲ ಹೆಸರು ಬದಲಾದ ಸೀಮೆಯಲ್ಲಿ ಜನ ತಾವು ಯಾವ ಗುಡಿಗೆ ಸೇರಿದವರು ಎಂಬುದನ್ನು ಮಾತ್ರ ಮರೆಯಲಿಲ್ಲ. ಹನೂರಿನಾಚೆಯ ಮಾರ್ಟಳ್ಳಿ, ಸಂದನಪಾಳ್ಯ, ಒಡ್ಡರದೊಡ್ಡಿಯ ಕಡೆ ಮನೆಮಾತು ತಮಿಳು, ಶಾಲೆಯ ಮಾತು ಕನ್ನಡ. ಕೊಳ್ಳೇಗಾಲ ಪೇಟೆಗೆ ಬಂದರೆ ಕನ್ನಡದ್ದೇ ಮೇಲುಗೈ. ಯಳಂದೂರು ಕಡೆ ಕಥೋಲಿಕರು ಬೆರಳೆಣಿಕೆಯಷ್ಟು. ಇವರೆಲ್ಲ ಒಂದು ಕುಟುಂಬದಂತೆ ನಡೆದುಕೊಂಡರು ಎಂದು ಸ್ಮರಣ ಸಂಚಿಕೆಗಳಲ್ಲಿ ಬರೆಯುವುದು ವಾಡಿಕೆ. ಕುಟುಂಬವೆಂದ ಮೇಲೆ ಜಗಳವೂ ಸೇರಿತು. ಪೂಜೆ ಯಾವ ಭಾಷೆಯಲ್ಲಿ, ಹಾಡು ಯಾವ ಭಾಷೆಯಲ್ಲಿ ಎಂಬ ತಕರಾರು ಕರ್ನಾಟಕದ ಯಾವ ವಲಯಕ್ಕೂ ಹೊಸದಲ್ಲ.

ಈ ಸೀಮೆಯ ಧರ್ಮಕೇಂದ್ರಗಳ ಚರಿತ್ರೆಯನ್ನು ಗುರುಗಳ ಪಟ್ಟಿಯಿಂದ ಶುರು ಮಾಡುವುದು ರೂಢಿ. ಗುರುಮನೆಯ ಗೋಡೆಯ ಮೇಲೆ ಹೆಸರು, ಪಕ್ಕದಲ್ಲಿ ಇಸವಿ, ಒಬ್ಬರ ಕೆಳಗೊಬ್ಬರು. ಆ ಪಟ್ಟಿ ಬೇಕು, ಬೇಡವೆನ್ನುವುದಿಲ್ಲ. ಆದರೆ ಅದನ್ನೇ ಚರಿತ್ರೆ ಎಂದುಕೊಂಡರೆ ಒಂದು ಪ್ರಶ್ನೆಗೆ ಉತ್ತರ ಸಿಗುವುದಿಲ್ಲ: ಪಟ್ಟಿಯಲ್ಲಿರುವವರು ಊರಲ್ಲಿ ಇಲ್ಲದ ದಿನಗಳಲ್ಲಿ ಗುಡಿಯ ಬಾಗಿಲು ತೆರೆದವರು ಯಾರು?

ಅಂಥ ದಿನಗಳೇ ಹೆಚ್ಚಿದ್ದವು. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ 17ನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಬುನಾದಿ ಹಾಕಿ, ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಬರೆದರು. ಅಂದಿನಿಂದಲೂ ಗುರುಗಳು ಎಣಿಸಿದಷ್ಟೇ ಮಂದಿ, ಸೀಮೆ ಮಾತ್ರ ಅಗಾಧ. 1773ರಲ್ಲಿ ಪೋಪ್ ಯೇಸುಸಭೆಯನ್ನೇ ಮುಚ್ಚಿದಾಗ ಇದ್ದವರೂ ಕಡಿಮೆಯಾದರು. ಅವರ ಜಾಗಕ್ಕೆ ಪ್ಯಾರಿಸ್ ಮಿಷನ್ನಿನವರು ಬಂದರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಅಬ್ಬೆ ದುಬೋಯಿಸ್ 1823ರಲ್ಲಿ ಫ್ರಾನ್ಸಿಗೆ ಮರಳುವ ತನಕ ಮೈಸೂರು ಸೀಮೆಯ ಚದುರಿದ ಕ್ರೈಸ್ತರನ್ನು ಕೂಡಿಸುತ್ತ ಓಡಾಡಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅವರು ಒಂದು ಊರಿನಲ್ಲಿದ್ದಾಗ ಉಳಿದ ಊರುಗಳು ಯಾರ ಕೈಯಲ್ಲಿದ್ದವು ಎಂದು ಯೋಚಿಸಿದವರು ಕಡಿಮೆ.

ಉಪದೇಶಿಯ ಕೈಯಲ್ಲಿ. ಸಂಜೆ ಗಂಟೆ ಹೊಡೆದು ಜಪಸರ ಹೇಳಿಸುವುದು, ಮಕ್ಕಳಿಗೆ ಮಂತ್ರ ಬಾಯಿಪಾಠ ಮಾಡಿಸುವುದು, ಭಾನುವಾರ ಸ್ವಾಮಿಯವರು ಬಾರದಿದ್ದರೆ ಜನ ಕೂಡಿಸಿ ಪ್ರಾರ್ಥನೆ ನಡೆಸುವುದು, ಸತ್ತವರನ್ನು ಮಣ್ಣು ಮಾಡುವಾಗ ಮುಂದೆ ನಿಲ್ಲುವುದು, ಮದುವೆ ವಯಸ್ಸಿನವರ ಸಂಬಂಧ ಸರಿಯಿದೆಯೇ ಎಂದು ವಿಚಾರಿಸುವುದು, ಕಾಯಿಲೆ ಬಿದ್ದವರಿಗಾಗಿ ಗುರುಗಳನ್ನು ಕರೆತರಲು ರಾತ್ರೋರಾತ್ರಿ ಹೊರಡುವುದು ಅವರ ಕೆಲಸ. ಕಾಡು, ಹಳ್ಳ, ಆನೆ ದಾರಿ ಇರುವ ಈ ಸೀಮೆಯಲ್ಲಿ ಕಡೆಯದು ಸುಮ್ಮನೆ ಹೇಳಿ ಮುಗಿಸುವ ಮಾತಲ್ಲ. ಸಂಬಳವೆಂಬುದು ಹೆಸರಿಗಷ್ಟೇ. ಊರಿನವರು ಕೊಟ್ಟ ದವಸ, ಹಬ್ಬಕ್ಕೊಂದು ಪಂಚೆ. ಗುರುಗಳು ವರ್ಗವಾಗಿ ಹೋಗುತ್ತಿದ್ದರು, ಉಪದೇಶಿ ಹೋಗುತ್ತಿರಲಿಲ್ಲ. ಹೊಸದಾಗಿ ಬಂದ ಗುರುಗಳಿಗೆ ಯಾವ ಮನೆಯಲ್ಲಿ ಏನು ನೋವಿದೆ, ಯಾವ ಎರಡು ಬೀದಿಗಳು ಮಾತು ಬಿಟ್ಟಿವೆ ಎಂದು ಹೇಳುವವರೂ ಅವರೇ. ಇದರಿಂದ ಅವರಿಗೆ ಅಧಿಕಾರವೂ ಬರುತ್ತಿತ್ತು, ಅದನ್ನು ದುರುಪಯೋಗ ಮಾಡಿಕೊಂಡವರೂ ಇದ್ದಿರಬೇಕು. ಎಲ್ಲ ಉಪದೇಶಿಗಳನ್ನೂ ಸಂತರ ಸಾಲಿಗೆ ಸೇರಿಸಬೇಕಾಗಿಲ್ಲ.

ನೆರೆಯ ಧರ್ಮಕೇಂದ್ರಗಳು ಒಂದಕ್ಕೊಂದು ಹೆಗಲು ಕೊಡುವುದನ್ನು ಕಣ್ಣಾರೆ ನೋಡಬೇಕಾದರೆ ಹಬ್ಬದ ಕಾಲದಲ್ಲಿ ನೋಡಬೇಕು. ಧ್ವಜ ಏರಿದ ದಿನದಿಂದ ಒಂಬತ್ತು ದಿನದ ನೊವೆನ. ಒಂದೊಂದು ಸಂಜೆಗೂ ಒಬ್ಬೊಬ್ಬ ನೆರೆಯ ಗುರುಗಳು, ಒಂದೊಂದು ಸಂಘ ಅಥವಾ ಬೀದಿಯ ಹೊಣೆ. ಹಬ್ಬದ ಹಿಂದಿನ ದಿನ ನಾಲ್ಕಾರು ಗುರುಗಳು ಪಾಪನಿವೇದನೆ ಕೇಳಲು ಕೂರುತ್ತಾರೆ. ಸಾಲು ಉದ್ದವಿರುವುದು ಪರ ಊರಿನ ಗುರುಗಳ ಮುಂದೆಯೇ, ಸ್ವಂತ ಊರಿನ ಗುರುಗಳ ಮುಂದೆ ನಿಲ್ಲಲು ಯಾರಿಗಾದರೂ ಸ್ವಲ್ಪ ಸಂಕೋಚ. ಇದು ನಗುವ ವಿಷಯವಾದರೂ ನೆರೆಯ ಧರ್ಮಕೇಂದ್ರಗಳು ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಸರಳವಾದ ಕಾರಣ ನನಗೆ ಗೊತ್ತಿಲ್ಲ. ಇತ್ತ ತೇರಿಗೆ ಹೂವು, ಬ್ಯಾಂಡು, ಪಟಾಕಿ, ಅಡುಗೆ, ನೀರಿನ ಟ್ಯಾಂಕರು, ಪೊಲೀಸ್ ಅನುಮತಿ ಎಲ್ಲವೂ ಶ್ರೀಸಾಮಾನ್ಯರ ತಲೆಯ ಮೇಲೆ. ವಂತಿಗೆ ಎತ್ತುವಾಗ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಓದಬೇಕೋ ಬೇಡವೋ ಎಂಬ ಚರ್ಚೆ ಪ್ರತಿವರ್ಷವೂ ಉಂಟು. ಓದುವುದೇ ಗೆಲ್ಲುತ್ತದೆ.

ಹಬ್ಬವಿಲ್ಲದ ದಿನಗಳ ಸಹಕಾರ ಕಣ್ಣಿಗೆ ಬೀಳುವುದಿಲ್ಲ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿರುವ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆ ಅದಕ್ಕೆ ಉದಾಹರಣೆ. ಅಲ್ಲಿನ ಸಿಸ್ಟರುಗಳು ಗುರುಗಳಲ್ಲ, ಧರ್ಮಸಭೆಯ ಕಾನೂನಿನ ಲೆಕ್ಕದಲ್ಲಿ ಯಾಜಕವರ್ಗಕ್ಕೆ ಸೇರಿದವರೂ ಅಲ್ಲ. ಈ ಭಾಗದ ಹೆಂಗಸರಿಗೆ ಚರ್ಚು ಎಂದರೆ ಮೊದಲು ನೆನಪಾಗುವುದು ಅವರ ಮುಖ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು ಜನ ಸಾಲುಸಾಲಾಗಿ ಬಿದ್ದಾಗ ಅವರನ್ನು ಹೊತ್ತು ತಂದ ಬಾಗಿಲುಗಳಲ್ಲಿ ಕಾಮಗೆರೆಯದೂ ಒಂದು. ಆ ದುರಂತದಲ್ಲಿ 17 ಜನ ತೀರಿಕೊಂಡರು. ಮೈಸೂರು ಧರ್ಮಪ್ರಾಂತ್ಯದ ಸಮಾಜಸೇವಾ ಸಂಸ್ಥೆ ಒಡಿಪಿ ಕಟ್ಟಿದ ಮಹಿಳಾ ಸಂಘಗಳಿಂದ ಆದದ್ದು ಇನ್ನೊಂದು ಬಗೆಯ ಕೆಲಸ. ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ಬರೆದು ರೂಢಿಯಾದ ಹೆಂಗಸರು ಆಮೇಲೆ ಗುಡಿಯ ಲೆಕ್ಕವನ್ನೂ ಕೇಳುತ್ತಾರೆ. ಕೇಳಬೇಕಾದದ್ದೇ.

ಸ್ಮರಣ ಸಂಚಿಕೆಗಳು ಸಾಮಾನ್ಯವಾಗಿ ಮುಟ್ಟದ ಅಧ್ಯಾಯವೊಂದಿದೆ. 1993ರ ಏಪ್ರಿಲ್ 9, ಗುಡ್ ಫ್ರೈಡೆ. ಅಂದು ಪಾಲಾರ್ ಬಳಿ ವೀರಪ್ಪನ್ ತಂಡ ಹುಗಿದಿಟ್ಟ ನೆಲಬಾಂಬುಗಳು ಸಿಡಿದು ಪೊಲೀಸರು, ಅರಣ್ಯ ಸಿಬ್ಬಂದಿ, ಮಾಹಿತಿದಾರರು ಸೇರಿ 22 ಮಂದಿ ಸತ್ತರು. ಆಮೇಲೆ ನಡೆದ ಕಾರ್ಯಾಚರಣೆಯ ಭಾರ ಕಾಡಂಚಿನ ಹಳ್ಳಿಗಳ ಮೇಲೆ ಬಿತ್ತು. ನೂರಕ್ಕೂ ಹೆಚ್ಚು ಜನ ಟಾಡಾ ಕಾಯ್ದೆಯಡಿ ಮೈಸೂರಿನ ನ್ಯಾಯಾಲಯದ ಮುಂದೆ ನಿಂತರು. 2001ರಲ್ಲಿ ಅವರಲ್ಲಿ ಬಹುಪಾಲು ಮಂದಿ ಬಿಡುಗಡೆಯಾದರು, ಆದರೆ ಅಷ್ಟರಲ್ಲಿ ಎಷ್ಟೋ ವರ್ಷ ಜೈಲಿನಲ್ಲಿ ಕಳೆದಿತ್ತು. ಜನರ ಮೇಲಾದ ದೌರ್ಜನ್ಯದ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. 2004ರಲ್ಲಿ ಸುಪ್ರೀಂ ಕೋರ್ಟ್ ಪಾಲಾರ್ ಪ್ರಕರಣದ ನಾಲ್ವರಿಗೆ ಗಲ್ಲು ಶಿಕ್ಷೆ ವಿಧಿಸಿ, 2014ರ ಜನವರಿಯಲ್ಲಿ ಅದನ್ನು ಜೀವಾವಧಿಗೆ ಇಳಿಸಿತು. ಆ ನಾಲ್ವರಲ್ಲಿ ಮೂವರದು ಕ್ರೈಸ್ತ ಹೆಸರು. ತಪ್ಪು ಒಪ್ಪುಗಳ ತೀರ್ಪು ಇಲ್ಲಿ ಬೇಡ. ಗಂಡಸರು ಮನೆಯಲ್ಲಿಲ್ಲದ ಆ ವರ್ಷಗಳಲ್ಲಿ ನಮ್ಮ ಹಳ್ಳಿಗಳ ಮನೆ, ಹೊಲ, ಪ್ರಾರ್ಥನೆ ಎಲ್ಲವನ್ನೂ ಹೆಂಗಸರು ನಡೆಸಿದರು ಎಂಬುದನ್ನಾದರೂ ಬರೆದಿಡಬೇಕು. ಪಾಲನಾ ಮಂಡಳಿಗಳಲ್ಲಿ ಹೆಂಗಸರಿಗೆ ಎಷ್ಟು ಸ್ಥಾನ ಎಂದು ಇಂದು ಚರ್ಚೆ ಮಾಡುವವರು ಇದನ್ನು ನೆನೆಯುವುದು ಒಳ್ಳೆಯದು.

ಈಗ ಮಂಡಳಿಗಳ ಮಾತಿಗೆ ಬರೋಣ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ನವೆಂಬರಿನಲ್ಲಿ ಶ್ರೀಸಾಮಾನ್ಯರ ಸೇವಾಕಾರ್ಯದ ಕುರಿತು ಹೊರಡಿಸಿದ ಆದೇಶಪತ್ರದಲ್ಲಿ, ಧರ್ಮಪ್ರಾಂತ್ಯದಲ್ಲಿ ಮಾತ್ರವಲ್ಲ, ಧರ್ಮಕೇಂದ್ರದ ಮಟ್ಟದಲ್ಲೂ ನೆರೆನೆರೆಯ ಧರ್ಮಕೇಂದ್ರಗಳ ನಡುವೆಯೂ ಗುರುಗಳು ಮತ್ತು ಜನ ಒಟ್ಟಿಗೆ ಕೂರುವ ಮಂಡಳಿಗಳು ಸಾಧ್ಯವಾದ ಕಡೆ ಇರಲಿ ಎಂದು ಸ್ಪಷ್ಟವಾಗಿ ಹೇಳಿದೆ. 1983ರ ಧರ್ಮಸಭಾ ಸಂಹಿತೆ ಅದಕ್ಕೆ ಕಾನೂನಿನ ರೂಪ ಕೊಟ್ಟಿತು, ಕೊಡುವಾಗ ಸ್ವಲ್ಪ ಕತ್ತರಿಯನ್ನೂ ಆಡಿಸಿತು. ಪಾಲನಾ ಮಂಡಳಿ ಧರ್ಮಾಧ್ಯಕ್ಷರು ಯುಕ್ತವೆಂದು ಕಂಡರೆ ಮಾತ್ರ, ಅದೂ ಸಲಹೆ ಕೊಡುವಷ್ಟಕ್ಕೆ. ಹಣಕಾಸು ಸಮಿತಿ ಮಾತ್ರ ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕು. ರೋಮಾಪುರಿಯ ಪಂಡಿತರಿಗೆ ಹಳ್ಳಿಯ ಅನುಭವ ಚೆನ್ನಾಗಿಯೇ ಇತ್ತು ಎನ್ನಿಸುತ್ತದೆ. ಭಕ್ತಿಯ ವಿಷಯದಲ್ಲಿ ಜನ ಗುರುಗಳನ್ನು ನಂಬುತ್ತಾರೆ, ದುಡ್ಡಿನ ವಿಷಯದಲ್ಲಿ ರಸೀದಿ ಕೇಳುತ್ತಾರೆ.

ಸಲಹೆ ಮಾತ್ರ ಎಂಬ ಆ ನಿಯಮ ಹಲವು ಕಡೆ ಮಂಡಳಿಗಳ ಜೀವ ತೆಗೆದಿದೆ. ತಿಂಗಳಿಗೊಮ್ಮೆ ಕೂತು ಹಬ್ಬದ ಖರ್ಚು, ಸುಣ್ಣಬಣ್ಣ, ಧ್ವನಿವರ್ಧಕದ ಮಾತಾಡಿ ಎದ್ದರೆ ಮುಗಿಯಿತು. ಊರು ಬಿಟ್ಟು ಬೆಂಗಳೂರು, ತಿರುಪ್ಪೂರಿಗೆ ದುಡಿಯಲು ಹೋದ ಹುಡುಗರ ಮಾತು, ರೇಷ್ಮೆ ಗೂಡಿನ ದರ ಬಿದ್ದಾಗ ಫೀಸು ಕಟ್ಟಲಾಗದ ಮನೆಗಳ ಮಾತು ಕಾರ್ಯಸೂಚಿಗೆ ಬರುವುದು ಅಪರೂಪ. ಇವು ಒಂದು ಧರ್ಮಕೇಂದ್ರ ಒಂಟಿಯಾಗಿ ಬಿಡಿಸುವ ಗಂಟುಗಳೂ ಅಲ್ಲ. ಹನೂರು ಕಡೆಯ ಹುಡುಗ, ಕೊಳ್ಳೇಗಾಲದ ಕಾಲೇಜು, ಬೆಂಗಳೂರಿನ ಕೆಲಸ ಎಂಬ ದಾರಿಯನ್ನು ಹಿಡಿದು ಯೋಚಿಸಿದರೆ ಹಲವು ಧರ್ಮಕೇಂದ್ರಗಳು ಸೇರಿದ ವಲಯದ ಮಟ್ಟದಲ್ಲೇ ಕೂರಬೇಕಾಗುತ್ತದೆ. ಅದೇ ಸಂಹಿತೆ ವಲಯದ ಹಿರಿಯ ಗುರುಗಳಿಗೆ ಒಪ್ಪಿಸಿರುವ ಕರ್ತವ್ಯಗಳೂ ಗಮನಿಸಬೇಕಾದವು: ಜಂಟಿ ಕೆಲಸಗಳನ್ನು ಹೊಂದಿಸುವುದು, ಕಾಯಿಲೆ ಬಿದ್ದ ಗುರುಗಳಿಗೆ ಆಸರೆ ತಪ್ಪದಂತೆ ನೋಡುವುದು, ಒಬ್ಬ ಗುರು ತೀರಿಕೊಂಡರೆ ಅಲ್ಲಿನ ರಿಜಿಸ್ಟರುಗಳು ಕಳೆದುಹೋಗದಂತೆ ಕಾಯುವುದು.

ಈ ರಿಜಿಸ್ಟರುಗಳಿಂದಲೇ ನಮ್ಮ ಚರಿತ್ರೆಯನ್ನು ಮತ್ತೆ ಬರೆಯಲು ಸಾಧ್ಯ ಎಂಬುದು ನನ್ನ ವಾದ. 1908ರ ಈಸ್ಟರಿನಿಂದ ಜಾರಿಗೆ ಬಂದ ರೋಮಾಪುರಿಯ ‘ನೆ ತೆಮೆರೆ’ ಆದೇಶದ ಪ್ರಕಾರ ಮದುವೆ ಎಲ್ಲೇ ನಡೆಯಲಿ, ಆ ಸುದ್ದಿ ವಧೂವರರು ಜ್ಞಾನಸ್ನಾನ ಪಡೆದ ಧರ್ಮಕೇಂದ್ರಕ್ಕೆ ತಲುಪಿ ಅಲ್ಲಿನ ಪುಸ್ತಕದಲ್ಲಿ ದಾಖಲಾಗಬೇಕು. ಮಾರ್ಟಳ್ಳಿಯ ಹೆಣ್ಣು, ಕಾಮಗೆರೆಯ ಗಂಡು ಎಂದರೆ ಎರಡು ಗುರುಮನೆಗಳ ನಡುವೆ ಕಾಗದ ಓಡಾಡಲೇಬೇಕು. ಯಾವ ಊರು ಯಾವ ಊರಿನ ಜೊತೆ ಬೆರೆತಿತ್ತು, ತಮಿಳು ಮನೆಗಳಿಗೂ ಕನ್ನಡ ಮನೆಗಳಿಗೂ ಸಂಬಂಧ ಎಂದು ಕೂಡಿತು ಎಂಬುದು ಆ ಪುಟಗಳ ಅಂಚಿನಲ್ಲಿ ಇರುತ್ತದೆ. ಇನ್ನೂ ಮುಖ್ಯವಾದದ್ದು ಜ್ಞಾನಸ್ನಾನದ ಪುಸ್ತಕ. ಪ್ರಾಣಕ್ಕೆ ಅಪಾಯವಿದ್ದಾಗ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಅಂಥ ಮಗು ಬದುಕಿದರೆ ಆಮೇಲೆ ಗುರುಗಳು ಉಳಿದ ವಿಧಿ ಮುಗಿಸಿ, ನೀರು ಹೊಯ್ದವರು ಯಾರೆಂದು ದಾಖಲಿಸುತ್ತಿದ್ದರು. ಉಪದೇಶಿಯೋ, ಸೂಲಗಿತ್ತಿಯೋ, ನೆರೆಮನೆಯ ಅಜ್ಜಿಯೋ ಅಲ್ಲಿ ಹೆಸರು ಸಮೇತ ಸಿಗುತ್ತಾರೆ. ಜ್ಞಾನತಂದೆ, ಜ್ಞಾನತಾಯಿಯ ಕಾಲಂ, ಮದುವೆಯ ಸಾಕ್ಷಿಗಳ ಕಾಲಂ ನೋಡಿದರೆ ಒಂದೇ ಹೆಸರು ಇಪ್ಪತ್ತು ಮೂವತ್ತು ವರ್ಷ ಮತ್ತೆ ಮತ್ತೆ ಬರುವುದುಂಟು. ಹಾಗೆ ಬಂದರೆ ಆ ಊರಿನ ಉಪದೇಶಿ ಅವರೇ ಎಂದು ಬಹುಮಟ್ಟಿಗೆ ಹೇಳಬಹುದು.

ಹಳೆಯ ದಾಖಲೆಗಳು ಲ್ಯಾಟಿನ್‌ನಲ್ಲಿವೆ, ಆದರೆ ಅದಕ್ಕೆ ಹೆದರಬೇಕಾಗಿಲ್ಲ. ಅದೇ ಹತ್ತು ಹನ್ನೆರಡು ಪದಗಳು ಮತ್ತೆ ಮತ್ತೆ ಬರುತ್ತವೆ, ಸೆಮಿನರಿಯಲ್ಲಿ ಓದಿದ ಯಾರಾದರೂ ಒಂದು ಮಧ್ಯಾಹ್ನದಲ್ಲಿ ಹೇಳಿಕೊಟ್ಟಾರು. ಹೆಸರುಗಳನ್ನು ಫ್ರೆಂಚ್ ಗುರುಗಳು ತಮ್ಮ ಕಿವಿಗೆ ಕೇಳಿದಂತೆ ಬರೆದಿರುತ್ತಾರೆ, ಅದನ್ನು ಬಿಡಿಸಲು ಊರಿನ ಹಿರಿಯರೇ ಬೇಕು. ಹೀಗಾಗಿ ಈ ಕೆಲಸ ಗುರುಗಳೊಬ್ಬರಿಂದಲೂ ಆಗದು, ಜನರಿಂದಷ್ಟೇ ಕೂಡ ಆಗದು. ಒಂದೊಂದು ಧರ್ಮಕೇಂದ್ರದಿಂದ ಇಬ್ಬರು ಓದಿದ ಹುಡುಗ ಹುಡುಗಿಯರು, ವಲಯದ ಗುರುಗಳ ಲಿಖಿತ ಅನುಮತಿ, ಒಂದು ಬೇಸಿಗೆ ರಜೆ. ಖಾಸಗಿ ವಿವರಗಳನ್ನು ಹೊರಗೆ ಬಿಡದೆ ಉಪದೇಶಿಗಳ, ಸೂಲಗಿತ್ತಿಯರ ಹೆಸರು ಮತ್ತು ಇಸವಿಗಳನ್ನು ಮಾತ್ರ ಬರೆದುಕೊಂಡರೆ ಸಾಕು. ಮೊದಲು ತೆರೆಯಬೇಕಾದದ್ದು 1956ಕ್ಕೆ ಹಿಂದಿನ ಪುಸ್ತಕಗಳನ್ನು, ಏಕೆಂದರೆ ಅವುಗಳಲ್ಲಿರುವ ಹೆಸರುಗಳನ್ನು ಗುರುತಿಸಬಲ್ಲ ಹಿರಿಯರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.