೩೨೦ ಎಲೆಯ ಆಟ ಸೋತದ್ದೆಲ್ಲಿ?

ಇಸ್ಪೀಟು, ಆಟೀನು, ಡೈಮನ್, ಕಳಾವರ್. ಹುಣಸೂರಿನಿಂದ ಕೆ.ಆರ್. ನಗರದವರೆಗೆ ಯಾವ ಹಳ್ಳಿಯ ಜಗಲಿಯಲ್ಲಿ ಕೇಳಿದರೂ ಇವು ಕನ್ನಡದ ಮಾತುಗಳೇ. ಆದರೆ ಕಳಾವರ್‌ನ ಮೂಲ ಡಚ್ಚರ ‘ಕ್ಲಾವರ್’. ಆಟೀನಿನ ಮೂಲ ಅವರದೇ ‘ಹಾರ್ಟನ್’. ೫೨ ಎಲೆಯ ಈ ಪರದೇಶಿ ಆಟ ವೇಷವನ್ನೂ ಬದಲಿಸದೆ ಬಂದು ನಮ್ಮ ಜಗಲಿಯ ಮೇಲೆ ಕುಳಿತುಬಿಟ್ಟಿತು. ಅದಕ್ಕೂ ಮೊದಲೇ ಬಂದಿದ್ದ ಇನ್ನೊಂದು ಪರದೇಶಿ ಆಟವನ್ನು ನಮ್ಮವರು ಆದರದಿಂದ ತಮ್ಮದಾಗಿ ಅನುವಾದಿಸಿಕೊಂಡಿದ್ದರು. ಅದು ಗಂಜೀಫ. ಅನುವಾದಗೊಂಡದ್ದು ಅಳಿಯಿತು, ಅನುವಾದವಾಗದ್ದು ಉಳಿಯಿತು!

ಗಂಜೀಫ ಪರ್ಷಿಯಾದ ಕಡೆಯಿಂದ ಬಂದದ್ದು. ೧೫೨೭ರಲ್ಲಿ ಬಾಬರ್ ತನ್ನ ಸ್ನೇಹಿತನೊಬ್ಬನಿಗೆ ಸಿಂಧ್‌ಗೆ ಗಂಜೀಫ ಎಲೆಗಳನ್ನು ಕಳುಹಿಸಿಕೊಟ್ಟ ಸಂಗತಿ ಅವನ ಆತ್ಮಕಥೆಯಲ್ಲಿದೆ. ಮೊಗಲರ ಆಟದಲ್ಲಿ ಎಲೆಗಳು ಗುಂಡಗೆ, ಒಟ್ಟು ೯೬. ಕಿರೀಟ, ಖಡ್ಗ, ಗುಲಾಮ ಮುಂತಾದ ೮ ಬಣ್ಣಗಳು; ಪ್ರತಿ ಬಣ್ಣದಲ್ಲಿ ರಾಜ, ಮಂತ್ರಿ, ಜೊತೆಗೆ ಒಂದರಿಂದ ಹತ್ತರವರೆಗೆ ಅಂಕಿ ಎಲೆ. ಅರ್ಧದಷ್ಟು ಬಣ್ಣಗಳಲ್ಲಿ ಹತ್ತು ದೊಡ್ಡದು, ಉಳಿದರ್ಧದಲ್ಲಿ ಒಂದೇ ದೊಡ್ಡದು. ನಮ್ಮವರು ಈ ಕಟ್ಟನ್ನು ಹಾಗೆಯೇ ಇಟ್ಟುಕೊಂಡು ಕಿರೀಟ, ಖಡ್ಗಗಳ ಜಾಗಕ್ಕೆ ಮತ್ಸ್ಯ, ಕೂರ್ಮ, ವರಾಹರನ್ನು ತಂದರು. ಹತ್ತು ಅವತಾರಕ್ಕೆ ೧೨೦ ಎಲೆ. ಹಗಲಲ್ಲಿ ಆಡಿದರೆ ರಾಮನ ಎಲೆ ಇದ್ದವನು ಮೊದಲು ಇಳಿಯಬೇಕು, ರಾತ್ರಿಯಾದರೆ ಕೃಷ್ಣನ ಎಲೆ ಇದ್ದವನು. ಚುಂಚನಕಟ್ಟೆಯ ಕೋದಂಡರಾಮನಿಗೆ ಕೈಮುಗಿಯುವವರಿಗೆ ಇಂಥ ಎಲೆಯನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮೈಸೂರಿನಲ್ಲಿ ಇದು ಇನ್ನೂ ಮುಂದೆ ಹೋಯಿತು. ೧೭೯೯ರಲ್ಲಿ ಬಾಲಕನಾಗಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ೧೮೩೧ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. ಅಧಿಕಾರವಿಲ್ಲದ ಅರಸರಿಗೆ ಕಲೆ, ಸಾಹಿತ್ಯ, ಚದುರಂಗಗಳೇ ಒಂದು ರಾಜ್ಯವಾದವು. ಅವರ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಎಲೆಯಾಟಗಳಿಗೂ ಸ್ಥಾನ ಸಿಕ್ಕಿತು. ಅಲ್ಲಿ ಗಂಜೀಫದ ಹೆಸರು ‘ಛದ’. ಸಂಸ್ಕೃತದಲ್ಲಿ ಹಾಗೆಂದರೆ ಎಲೆ. ಚಾಮುಂಡೇಶ್ವರಿ ಛದಕ್ಕೆ ೧೬ ಬಣ್ಣ, ೩೨೦ ಎಲೆ. ಜಗನ್ಮೋಹನ ಛದಕ್ಕೆ ೧೮ ಬಣ್ಣ, ೩೬೦ ಎಲೆ! ಮೂವರು ಹಂಚಿಕೊಂಡರೂ ತಲೆಗೆ ನೂರಕ್ಕೆ ಮೇಲೆ. ಯಾವ ದೇವತೆಗೆ ಯಾವ ಲಾಂಛನ ಎಂಬುದೆಲ್ಲ ಬಾಯಿಪಾಠವಾಗಿರಬೇಕು. ಕಲ್ಪನೆ ಅದ್ಭುತವೇ, ಆದರೆ ಹೊಲದಿಂದ ದಣಿದು ಬಂದವನು ಆಡುವ ಆಟ ಇದಲ್ಲ.

ಎಲೆ ಮಾಡುವ ಕೆಲಸವೂ ಸುಲಭದ್ದಲ್ಲ. ಒಂದೊಂದನ್ನೂ ದುಂಡಗೆ ಕತ್ತರಿಸಿ, ಹದ ಮಾಡಿ, ಕೈಯಲ್ಲೇ ಚಿತ್ರ ಬರೆದು, ಮೇಲೆ ಅರಗಿನ ಹೊಳಪು ಕೊಡಬೇಕು. ಒಂದು ಕಟ್ಟು ಮುಗಿಯಲು ಚಿತ್ರಗಾರನಿಗೆ ಅರಮನೆಯ ಆಶ್ರಯವೇ ಬೇಕು. ೧೮೬೮ರಲ್ಲಿ ಮುಮ್ಮಡಿಯವರು ತೀರಿಕೊಂಡರು. ಅತ್ತ ಯುರೋಪಿನ ಮುದ್ರಣಯಂತ್ರಗಳು ರಾಶಿರಾಶಿಯಾಗಿ ಇಸ್ಪೀಟು ಕಟ್ಟುಗಳನ್ನು ಅಗ್ಗದ ಬೆಲೆಗೆ ಹೊರಹಾಕುತ್ತಿದ್ದವು.

ಹಾಗೆಂದು ಎಲ್ಲ ತಪ್ಪನ್ನೂ ಯಂತ್ರದ ಮೇಲೆ ಹೊರಿಸುವುದು ಸರಿಯಲ್ಲ. ಒಡಿಶಾಕ್ಕೂ ಅದೇ ಇಸ್ಪೀಟು ಹೋಯಿತಲ್ಲ? ಅಲ್ಲಿ ಚಿತ್ರಕಾರರು ಬಟ್ಟೆಯ ಮೇಲೆ ಬರೆದ ಗುಂಡು ಎಲೆಗಳು ಸಾಮಾನ್ಯ ಜನರ ಕೈಗೆ ಸಿಕ್ಕಿದ್ದವು. ಪುರಿಯಲ್ಲಿ ‘ಗಂಜಪ’ ಆಡುವ ಹಿರಿಯರು ನಮ್ಮ ಕಾಲದವರೆಗೂ ಉಳಿದುಬಂದಿದ್ದಾರೆ. ಮೈಸೂರಿನ ಛದಗಳಿಗೆ ಅರಮನೆಯ ಹೊಸ್ತಿಲು ದಾಟಲು ಸಾಧ್ಯವಾಗಲಿಲ್ಲ. ಹೀಗಾಗಿ ಆಸ್ಥಾನದ ಆಸಕ್ತಿ ಇಳಿದಂತೆ ಆಟವೂ ಇಳಿಯಿತು.

ಚಿತ್ರಕಲೆಯಾಗಿ ಮಾತ್ರ ಗಂಜೀಫ ಮತ್ತೆ ತಲೆಯೆತ್ತಿದೆ. ಶ್ರೀರಂಗಪಟ್ಟಣದ ಕಲಾವಿದ ರಘುಪತಿ ಭಟ್ಟರು ಅದಕ್ಕೆ ಮರುಜೀವ ಕೊಟ್ಟರು. ‘ಮೈಸೂರು ಗಂಜೀಫ’ ಎಂಬ ಹೆಸರಿಗೆ ಭೌಗೋಳಿಕ ಸೂಚಕದ ರಕ್ಷಣೆಯೂ ದೊರೆತಿದೆ. ಒಂದೆರಡು ಎಲೆ ಕೊಂಡು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರೇ ಈಗ ಇದರ ಗಿರಾಕಿಗಳು. ಪೂರಾ ೩೨೦ ಎಲೆಯ ಕಟ್ಟನ್ನು ಆಡಲಿಕ್ಕೆಂದೇ ಬರೆಸುವವರು ಅಪರೂಪ.